ಚಿತ್ರ ಮಸುಕಾಯಿತೇ? ಕರಾವಳಿಯಲ್ಲಿ ಕಾಂಪ್ಯಾಕ್ಟ್ ಕ್ಯಾಮೆರಾದ ದೋಷ ಹುಡುಕುವ ಬಗೆ

ರಿಕೋ ಜಿಆರ್, ಸೋನಿ ಆರ್‌ಎಕ್ಸ್100, ಫ್ಯೂಜಿಫಿಲ್ಮ್ ಎಕ್ಸ್100 ಥರದ ಸಣ್ಣ ಆದರೆ ದುಬಾರಿ ಕ್ಯಾಮೆರಾಗಳ ದೊಡ್ಡ ಗುಣ ಅಂದರೆ ದಿನಾ ಜೊತೆಗಿರುವುದು. ಮೀನು ಪೇಟೆಗೆ ಹೋದಾಗಲೂ ಕಿಸೆಯಲ್ಲಿರುತ್ತದೆ, ತೋಟಕ್ಕೆ ಹೋದಾಗಲೂ ಇರುತ್ತದೆ. ಅದೇ ಕಾರಣಕ್ಕೆ ನಮ್ಮ ಕಡೆಯ ಉಪ್ಪುಗಾಳಿ, ಮರಳು, ಮಳೆ ಎಲ್ಲವೂ ಇವುಗಳಿಗೆ ತಾಗುತ್ತದೆ. ಲೆನ್ಸ್ ಬದಲಿಸುವ ಕ್ಯಾಮೆರಾ ಆದರೆ ಬಿಚ್ಚಿ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಒಳಗಿನ ಫಲಕ) ಒರೆಸಬಹುದು. ಇವುಗಳಲ್ಲಿ ಲೆನ್ಸ್ ಬಿಚ್ಚಲು ಬರುವುದಿಲ್ಲ. ಒಳಗೆ ಹೋದದ್ದನ್ನು ತೆಗೆಯಬೇಕೆಂದರೆ ಇಡೀ ಕ್ಯಾಮೆರಾ ಬಿಚ್ಚಬೇಕು, ಅದು ರಿಪೇರಿಯವರ ಕೆಲಸ, ಖರ್ಚೂ ಜಾಸ್ತಿ.

ಹಾಗಾಗಿ ದುಡ್ಡು ಕೊಡುವ ಮೊದಲು ದೋಷ ಎಲ್ಲಿದೆ ಅಂತ ಗೊತ್ತಾಗಬೇಕು. ಬೆಳಕು ಹೊರಗಿನ ಗಾಳಿ ದಾಟಿ, ಎದುರಿನ ಗಾಜು ದಾಟಿ, ಒಳಗಿನ ಗಾಜುಗಳನ್ನು ದಾಟಿ ಸೆನ್ಸರ್‌ಗೆ ಬೀಳುತ್ತದೆ. ತೊಂದರೆ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ, ಇಲ್ಲವಾದರೆ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಹೊರಗಿನಿಂದ ಒಳಕ್ಕೆ ನೋಡುತ್ತ ಬನ್ನಿ. ಹೆಚ್ಚಿನ ಸಲ ಉತ್ತರ ಮನೆಯಲ್ಲೇ ಸಿಗುತ್ತದೆ.

ಮೊದಲು ಗಾಳಿಯದ್ದೇ ತಪ್ಪೇ ನೋಡಿ

ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತು ಕೂರ್ಮಗಡ ದ್ವೀಪದ ಚಿತ್ರ ತೆಗೆದರೆ ಅದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಇದರಲ್ಲಿ ಕ್ಯಾಮೆರಾದ ತಪ್ಪು ಏನೂ ಇಲ್ಲದಿರಬಹುದು. ನೀರಿನ ಮೇಲಿನ ಗಾಳಿಯಲ್ಲಿ ತೇವ ತುಂಬಿರುತ್ತದೆ, ದೂರ ಹೆಚ್ಚಿದಷ್ಟೂ ಮಸುಕು ಹೆಚ್ಚು. ಪರೀಕ್ಷೆ ಸುಲಭ. ಅದೇ ಜಾಗದಿಂದ, ಅದೇ ಸೆಟ್ಟಿಂಗ್‌ನಲ್ಲಿ, ನಾಲ್ಕು ಹೆಜ್ಜೆ ದೂರದ ದೋಣಿಯ ಹಗ್ಗವನ್ನೋ ಬಲೆಯನ್ನೋ ತೆಗೆಯಿರಿ. ಬಲೆಯ ಗಂಟು ಗಂಟೂ ಚೊಕ್ಕವಾಗಿ ಬಂದು ದ್ವೀಪ ಮಾತ್ರ ಮಸುಕಾಗಿದ್ದರೆ ಅದು ಗಾಳಿಯ ಕೆಲಸ. ಮಳೆ ಬಂದು ನಿಂತ ಮೇಲೆ ಮತ್ತೆ ತೆಗೆದು ನೋಡಿ. ಎರಡೂ ಮಸುಕಾಗಿದ್ದರೆ ಮುಂದಿನ ಹಂತಕ್ಕೆ ಬನ್ನಿ. (ಪರೀಕ್ಷೆಗೆಂದು ಅರ್ಗಾ ಕಡೆಯ ನೌಕಾನೆಲೆಯತ್ತ ಮಾತ್ರ ಕ್ಯಾಮೆರಾ ತಿರುಗಿಸಬೇಡಿ. ಅಲ್ಲಿ ಚಿತ್ರ ತೆಗೆಯುವಂತಿಲ್ಲ.)

ಬಣ್ಣದ ವಿಷಯದಲ್ಲೂ ಹೀಗೇ. ಅಡಿಕೆ ತೋಟದೊಳಗೆ ಮುಖಗಳು ಹಸಿರಾಗಿ ಬಂದರೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಬೆಳಕು ಎಲೆಗಳಲ್ಲಿ ಸೋಸಿಕೊಂಡೇ ಕೆಳಗೆ ಬರುತ್ತದೆ. ವೈಟ್ ಬ್ಯಾಲೆನ್ಸನ್ನು (ಬಿಳಿಯನ್ನು ಬಿಳಿಯಾಗಿ ತೋರಿಸುವ ಸೆಟ್ಟಿಂಗ್) ಆಟೋದಿಂದ ತೆಗೆದು, ಅಲ್ಲೇ ಒಂದು ಬಿಳಿ ಕಾಗದ ಹಿಡಿದು ಹೊಂದಿಸಿದರೆ ಸರಿಯಾಗುತ್ತದೆ.

ಎದುರಿನ ಗಾಜು: ಉಪ್ಪಿನ ಪೊರೆ

ನಮ್ಮ ಕಡೆ ಅತಿ ಹೆಚ್ಚು ಕಾಣುವ ದೋಷ ಇದು. ಅತಿ ಕಡಿಮೆ ಜನ ಗುರುತಿಸುವ ದೋಷವೂ ಇದೇ. ಸಮುದ್ರದ ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯ ಜೊತೆ ಬಂದು ಗಾಜಿನ ಮೇಲೆ ಕೂರುತ್ತವೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದರ ಮೇಲೆ ಬೆರಳಿನ ಎಣ್ಣೆ ಸೇರುತ್ತದೆ. ಎದುರಿನಿಂದ ನೋಡಿದರೆ ಗಾಜು ಸ್ವಚ್ಛವಾಗಿಯೇ ಕಾಣುತ್ತದೆ.

ಚಿತ್ರದಲ್ಲಿ ಇದರ ಗುರುತು ಹೀಗಿರುತ್ತದೆ. ಬೆಳಕು ಬೆನ್ನ ಹಿಂದೆ ಇದ್ದಾಗ ಚಿತ್ರ ಚೆನ್ನಾಗಿಯೇ ಬರುತ್ತದೆ. ಸಂಜೆ ಸೂರ್ಯನ ಕಡೆ ತಿರುಗಿದರೆ ಇಡೀ ಚಿತ್ರದ ಮೇಲೆ ಹಾಲಿನ ಪೊರೆ ಹರಡಿದ ಹಾಗೆ ಆಗುತ್ತದೆ, ಕಪ್ಪು ಬಣ್ಣ ಕಪ್ಪಾಗಿ ಉಳಿಯುವುದಿಲ್ಲ. ರಾತ್ರಿ ಬೀದಿದೀಪಗಳ ಸುತ್ತ ಬೆಳಕು ಹರಡಿಕೊಳ್ಳುತ್ತದೆ. ಅಂಗೈ ಅಡ್ಡ ಹಿಡಿದು ಲೆನ್ಸ್ ಮೇಲೆ ನೇರ ಬಿಸಿಲು ಬೀಳದ ಹಾಗೆ ಮಾಡಿ ಇನ್ನೊಂದು ಚಿತ್ರ ತೆಗೆಯಿರಿ. ತಟ್ಟನೆ ಸುಧಾರಿಸಿದರೆ ಮೊದಲ ಅನುಮಾನ ಎದುರಿನ ಗಾಜಿನ ಮೇಲೆ.

ಈಗ ಕ್ಯಾಮೆರಾವನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ನಿಧಾನವಾಗಿ ವಾಲಿಸಿ. ಒಂದು ಕೋನದಲ್ಲಿ ಬೂದು ಪೊರೆ ಕಾಣುತ್ತದೆ. ಅದರಲ್ಲಿ ಹನಿ ಆರಿದ ಸಣ್ಣ ಸಣ್ಣ ಉಂಗುರಗಳಿದ್ದರೆ ಅದು ಉಪ್ಪು.

ಒರೆಸುವ ಕ್ರಮ ಮುಖ್ಯ. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು, ಮರಳಿನ ಕಣ ಗಾಜಿನ ಮೇಲಿನ ಲೇಪವನ್ನು ಕೆರೆಯುತ್ತವೆ. ಪಂಚೆಯ ತುದಿ, ಬನಿಯನ್, ಸೀರೆಯ ಸೆರಗು ಯಾವುದೂ ಬೇಡ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ, ಲೆನ್ಸ್ ಕೆಳಮುಖವಾಗಿ ಹಿಡಿದು, ಕಣಗಳನ್ನು ಹಾರಿಸಿ. ಆಮೇಲೆ ಒಳ್ಳೆಯ ಮೈಕ್ರೋಫೈಬರ್ ಬಟ್ಟೆಯ ಮೂಲೆಗೆ ಒಂದು ಹನಿ ಡಿಸ್ಟಿಲ್ಡ್ ನೀರು ಹಾಕಿ. ಹನಿಯನ್ನು ಬಟ್ಟೆಗೇ ಹಾಕಬೇಕು, ಗಾಜಿಗೆ ಹಾಕಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ನಡುವಿನಿಂದ ಹೊರಕ್ಕೆ ಸುತ್ತುತ್ತ ಹಗುರವಾಗಿ ಒರೆಸಿ. ನೀರೇ ಯಾಕೆ ಅಂದರೆ ಉಪ್ಪು ನೀರಿನಲ್ಲಿ ಕರಗುತ್ತದೆ. ಆಲ್ಕೋಹಾಲ್ ಇರುವ ದ್ರವ ಎಣ್ಣೆಯನ್ನು ತೆಗೆಯುತ್ತದೆ, ಉಪ್ಪನ್ನು ಅಷ್ಟಾಗಿ ಕರಗಿಸುವುದಿಲ್ಲ. ಆದ್ದರಿಂದ ಮೊದಲು ನೀರು, ನಂತರ ಬೇಕಿದ್ದರೆ ಲೆನ್ಸ್ ದ್ರವ, ಕೊನೆಗೆ ಇನ್ನೊಂದು ಒಣ ಬಟ್ಟೆ. ಲೆನ್ಸ್ ದ್ರವ ಮಾತ್ರ ಹಾಕಿ ಉಜ್ಜಿ, "ಎಷ್ಟು ಒರೆಸಿದರೂ ಹೋಗ್ತಿಲ್ಲ, ಒಳಗೇ ಇರಬೇಕು" ಅನ್ನುವವರು ಸುಮಾರು ಜನ.

ಒರೆಸಿದ ಮೇಲೆ ಅದೇ ಬೆಳಕಿನಲ್ಲಿ ಅದೇ ಚಿತ್ರ ತೆಗೆದು ಹೋಲಿಸಿ. ಈ ಹೋಲಿಕೆ ಬಿಟ್ಟರೆ ಪರೀಕ್ಷೆ ಮಾಡಿಯೂ ಉಪಯೋಗವಿಲ್ಲ.

ಬೆವರಿದ ಲೆನ್ಸ್

ಮಸುಕು ಇದ್ದಕ್ಕಿದ್ದಂತೆ ಬಂದು, ಅರ್ಧ ಗಂಟೆಯಲ್ಲಿ ತಾನಾಗಿಯೇ ಹೋದರೆ ಅದು ಇಬ್ಬನಿ. ಎಸಿ ಕೋಣೆಯಿಂದಲೋ ಎಸಿ ಕಾರಿನಿಂದಲೋ ಹೊರಗೆ ಬಂದ ತಕ್ಷಣ ಆಗುತ್ತದೆ. ಲೆಕ್ಕ ನೋಡಿ. ಹೊರಗೆ 32 ಡಿಗ್ರಿ ಸೆಲ್ಸಿಯಸ್, ಗಾಳಿಯ ಆರ್ದ್ರತೆ ಶೇ. 80 ಇದ್ದರೆ, ಸುಮಾರು 28 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ನಿಮ್ಮ ಎಸಿ 24ರಲ್ಲಿ ಓಡುತ್ತಿದ್ದರೆ ಕ್ಯಾಮೆರಾವೂ 24ರಲ್ಲಿರುತ್ತದೆ. ಬೆವರದೆ ಬೇರೆ ದಾರಿಯೇ ಇಲ್ಲ. ಚಳಿಗಾಲದ ಬೆಳಗ್ಗೆ ಶಿರಸಿ ಬಿಟ್ಟು ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದಾಗಲೂ ಹೀಗಾಗಬಹುದು. ಚೀಲದೊಳಗೆ ಕ್ಯಾಮೆರಾ ಇನ್ನೂ ಘಟ್ಟದ ತಂಪಿನಲ್ಲೇ ಇರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆವರಿದಾಗ ಕ್ಯಾಮೆರಾ ಆನ್ ಮಾಡಬೇಡಿ. ಒಳಹೊರಗೆ ಸರಿಯುವ ಲೆನ್ಸ್ ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆಯುತ್ತದೆ. ಹೊರಗಷ್ಟೇ ಇದ್ದ ತೇವವನ್ನು ನೀವೇ ಒಳಗೆ ಕರೆದ ಹಾಗಾಗುತ್ತದೆ. ಹೊರಗಿನದು ಆರಿಹೋಗುತ್ತದೆ, ಒಳಗಿನದು ಬೇಗ ಆರುವುದಿಲ್ಲ, ಬೂಸ್ಟು ಶುರುವಾಗುವುದು ಅಲ್ಲಿಂದಲೇ.

ಎಸಿ ಇರುವಲ್ಲಿಂದ ಹೊರಡುವ ಮೊದಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು ಮುಚ್ಚಿ. ಹೊರಗೆ ಬಂದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ. ನೀರು ಚೀಲದ ಹೊರಮೈ ಮೇಲೆ ಕೂರುತ್ತದೆ, ಕ್ಯಾಮೆರಾ ಒಳಗೆ ನಿಧಾನವಾಗಿ ಬೆಚ್ಚಗಾಗುತ್ತದೆ. ಇಷ್ಟು ಮಾಡಿದರೆ ಈ ದೋಷ ಇಲ್ಲವೇ ಇಲ್ಲ ಅನ್ನಬಹುದು. ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗುವವರು ಎಸಿ ಕಾರಿನಿಂದ ಇಳಿದು ನೇರ ದೋಣಿ ಹತ್ತುತ್ತಾರೆ. ಬಾವುಟ ಕಟ್ಟಿದ ದೋಣಿಗಳ ಸಾಲು ಕಣ್ಣೆದುರು ಇರುವಾಗ ಲೆನ್ಸ್ ಬೆವರಿ ಕೂತರೆ ಎಷ್ಟು ಬೇಜಾರು, ಅಲ್ವಾ?

ಬೂಸ್ಟು ಹೌದೋ ಅಲ್ಲವೋ

ಶಿರಸಿಯಲ್ಲಿರುವ ನಮ್ಮ ಭಾವ ಒಮ್ಮೆ ಫೋನ್ ಮಾಡಿ, "ಲೆನ್ಸ್ ಒಳಗೆ ಬೂಸ್ಟು ಬಂಜು ಕಾಣ್ತು" ಅಂದರು. ಅಂಗಡಿಯವರು ನೋಡಿ ಲೆನ್ಸ್ ಘಟಕವನ್ನೇ ಬದಲಿಸಬೇಕು ಅಂದಿದ್ದರಂತೆ. ಕ್ಯಾಮೆರಾ ತಂದು ತೋರಿಸಿದರು. ಟಾರ್ಚ್ ಹಾಕಿ ನೋಡಿದರೆ ಒಳಗೆ ಒಂದು ಎಳೆಯೂ ಇರಲಿಲ್ಲ. ಎದುರಿನ ಗಾಜಿನ ಮೇಲೆ ಸಮನಾದ, ಸ್ವಲ್ಪ ಹಳದಿ ಬಣ್ಣದ ಅಂಟು ಪೊರೆ ಇತ್ತು. ಸುಗ್ಗಿಯ ಸಮಯ. ಅಡಿಕೆ ಬೇಯಿಸುವ ಒಲೆಯ ಪಕ್ಕದ ಗೂಟಕ್ಕೆ ಕ್ಯಾಮೆರಾ ನೇತುಹಾಕುತ್ತಿದ್ದರು. ತೊಗರಿನ (ಅಡಿಕೆ ಬೇಯಿಸಿದ ರಸ) ಹಬೆ, ಒಲೆಯ ಹೊಗೆ ಎರಡೂ ಗಾಜಿಗೆ ಅಂಟಿಕೊಂಡಿದ್ದವು. ಅದಕ್ಕೆ ಲೆನ್ಸ್ ದ್ರವವೇ ಸಾಕಾಯಿತು.

ನೋಡುವುದು ಹೀಗೆ. ಕತ್ತಲೆ ಕೋಣೆ ಬೇಕು. ಕ್ಯಾಮೆರಾ ಆನ್ ಮಾಡಿ, ಅಪರ್ಚರ್ (ಬೆಳಕು ಬಿಡುವ ಒಳಗಿನ ರಂಧ್ರ) ಪೂರ್ತಿ ತೆರೆದಿಟ್ಟು, ಮೊಬೈಲ್ ಟಾರ್ಚನ್ನು ಎದುರಿನ ಗಾಜಿಗೆ ಓರೆಯಾಗಿ ಹಿಡಿಯಿರಿ. ನೇರವಾಗಿ ಹಿಡಿದರೆ ಪ್ರತಿಫಲನ ಬಿಟ್ಟು ಬೇರೇನೂ ಕಾಣುವುದಿಲ್ಲ. ಬಿಡಿ ಬಿಡಿ ಕಣಗಳು ಕಂಡರೆ ಅದು ಧೂಳು. ಒಳಗೆ ನಾಲ್ಕಾರು ಕಣ ಇದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ, ತಲೆಕೆಡಿಸಿಕೊಳ್ಳಬೇಡಿ. ಸಮನಾದ ಪೊರೆ ಇದ್ದರೆ ಅದು ಉಪ್ಪು, ಹೊಗೆ ಅಥವಾ ತೇವ. ಅಂಚಿನಿಂದ ಹೊರಟು ಕವಲು ಕವಲಾಗಿ ಹರಡಿದ ಬಿಳಿ ಎಳೆಗಳು ಇದ್ದರೆ ಮಾತ್ರ ಅದು ಬೂಸ್ಟು. ಬೂಸ್ಟಿನ ಆಕಾರ ಚಿತ್ರದಲ್ಲಿ ಮೂಡುವುದು ಅಪರೂಪ. ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ವ್ಯತ್ಯಾಸ) ಇಳಿದು ಚಿತ್ರ ಸಪ್ಪೆಯಾಗುತ್ತದೆ, ಅಷ್ಟೇ.

ನಿಜವಾಗಿಯೂ ಬೂಸ್ಟು ಇದ್ದರೆ ತಡಮಾಡಬೇಡಿ. ಅದು ಗಾಜಿನ ಲೇಪವನ್ನು ತಿನ್ನುತ್ತದೆ. ಬೇಗ ಬಿಚ್ಚಿ ಒರೆಸಿದರೆ ಗುರುತಿಲ್ಲದೆ ಹೋಗಬಹುದು, ತಡವಾದರೆ ಕಲೆ ಉಳಿಯುತ್ತದೆ.

ಬಾರದ ಹಾಗೆ ನೋಡಿಕೊಳ್ಳುವುದು ಕಷ್ಟವಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತೆ ಮಾಪಕ. ಡಬ್ಬಿಯೊಳಗೆ ಶೇ. 40ರಿಂದ 50 ಇರಲಿ. ಶೇ. 60 ದಾಟಿ ಹಾಗೇ ಉಳಿದರೆ ಬೂಸ್ಟಿಗೆ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆಯೂ ಕೆಳಗೆಯೂ ಮನೆಯೊಳಗಿನ ಗಾಳಿ ಅದಕ್ಕಿಂತ ಎಷ್ಟೋ ತೇವವಾಗಿರುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ, ನೀಲಿಯದ್ದು ಗುಲಾಬಿಯಾದರೆ ತೇವ ತುಂಬಿಕೊಂಡಿದೆ ಅಂತ ಅರ್ಥ. ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ. ಕಿತ್ತಳೆಯದ್ದೇ ತನ್ನಿ. ಚರ್ಮದ ಕೇಸ್ ಚಂದ ಇರುತ್ತದೆ ನಿಜ, ಆದರೆ ಅದು ತೇವ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಕೇಸ್ ಬೇರೆ, ಕ್ಯಾಮೆರಾ ಬೇರೆ. ಅಕ್ಕಿ ಡಬ್ಬದೊಳಗೆ ಹುಗಿಯುವ ಪದ್ಧತಿ ಬಿಟ್ಟುಬಿಡಿ. ಅಕ್ಕಿ ಅಷ್ಟೇನೂ ತೇವ ಹೀರುವುದಿಲ್ಲ, ಅದರ ಹುಡಿ ಮಾತ್ರ ಲೆನ್ಸ್ ಸಂದಿಗೆ ಹೋಗುತ್ತದೆ.

ಚುಕ್ಕೆಗಳು

ಆಕಾಶದ ಚಿತ್ರದಲ್ಲಿ ಮಬ್ಬು ಕಪ್ಪು ಚುಕ್ಕೆ ಕಂಡರೆ, ಎಫ್/11ರಲ್ಲಿ (ಸಣ್ಣ ಅಪರ್ಚರ್) ಒಂದು, ಎಫ್/2.8ರಲ್ಲಿ (ದೊಡ್ಡ ಅಪರ್ಚರ್) ಒಂದು ಬೋಳು ಆಕಾಶದ ಚಿತ್ರ ತೆಗೆಯಿರಿ. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಮಾಯವಾದರೆ ಧೂಳು ಸೆನ್ಸರ್ ಮೇಲೋ ಅದರ ಹತ್ತಿರವೋ ಇದೆ. ಜೂಮ್ ಇರುವ ಕ್ಯಾಮೆರಾದಲ್ಲಿ ಜೂಮ್ ಬದಲಿಸಿಯೂ ನೋಡಿ. ಚುಕ್ಕೆ ಇದ್ದಲ್ಲೇ ಇದ್ದರೆ ಸೆನ್ಸರ್, ಜಾಗ ಅಥವಾ ಗಾತ್ರ ಬದಲಾದರೆ ಒಳಗಿನ ಯಾವುದೋ ಗಾಜು. ರಿಕೋ ಜಿಆರ್ 3ರಲ್ಲಿ ಸೆನ್ಸರ್ ನಡುಗಿಸಿ ಧೂಳು ಉದುರಿಸುವ ವ್ಯವಸ್ಥೆ ಇದೆ, ಮೊದಲು ಅದನ್ನು ಓಡಿಸಿ. ಹೋಗದಿದ್ದರೆ ರಿಪೇರಿಗೆ ಕೊಡಬೇಕು. ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಎಳೆಯುವ ಸಾಹಸ ಬೇಡ. ಒಂದೆರಡೇ ಚುಕ್ಕೆ ಇದ್ದರೆ ಎಫ್/4, ಎಫ್/5.6ರಲ್ಲಿ ತೆಗೆಯುತ್ತ ಆರಾಮಾಗಿ ಇರಬಹುದು.

ಮಳೆಯಲ್ಲಿ ತೆಗೆದ ಚಿತ್ರದಲ್ಲಿ ಬಿಳಿ ಗುಂಡು ಬಿಲ್ಲೆಗಳು, ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಕಂಡರೆ ಅದು ದೋಷವೇ ಅಲ್ಲ. ಫ್ಲ್ಯಾಶ್ ಲೆನ್ಸ್‌ನ ಪಕ್ಕದಲ್ಲೇ ಇರುವುದರಿಂದ ಹತ್ತಿರದ ಮಳೆಹನಿಗಳು ಬೆಳಗಿರುತ್ತವೆ. ಫ್ಲ್ಯಾಶ್ ಆಫ್ ಮಾಡಿ.

ಲೆನ್ಸ್ ಹೊರಬರದೆ ನಿಂತರೆ

ಆನ್ ಮಾಡಿದಾಗ ಲೆನ್ಸ್ ಅರ್ಧಕ್ಕೆ ನಿಂತು, ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಿ ಅಂತ ಪರದೆಯ ಮೇಲೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಮೊದಲು ಬ್ಯಾಟರಿ ನೋಡಿ. ಬ್ಯಾಟರಿ ಇಳಿದಿದ್ದರೂ ಲೆನ್ಸ್ ತಳ್ಳುವ ಮೋಟರಿಗೆ ಶಕ್ತಿ ಸಾಲದೆ ಹೀಗೇ ಆಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ನೋಡಿ. ಬ್ಯಾಟರಿ ಕೂರುವ ಜಾಗದ ಲೋಹದ ತುದಿಗಳ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಅದೂ ಉಪ್ಪುಗಾಳಿಯ ಕೆಲಸ. ಒಣ ಬಟ್ಟೆಯಲ್ಲಿ ಹಗುರವಾಗಿ ಒರೆಸಿ.

ಹೊಸ ಬ್ಯಾಟರಿಯಲ್ಲೂ ನಿಂತರೆ, ಆನ್ ಆಗುವಾಗ ಕಿವಿಗೊಟ್ಟು ಕೇಳಿ. ಕರಕರ ಸದ್ದು ಬಂದರೆ ಮರಳು. ಮಾಜಾಳಿ ಹತ್ತಿರದ ತಿಳಮಾತಿಯ ಕಪ್ಪು ಮರಳು ಎಳ್ಳಿನ ಹಾಗೆ ಕಾಣುತ್ತದೆ, ಗೋಕರ್ಣದ ತೀರಗಳದ್ದು ಇನ್ನೊಂದು ಬಗೆ. ಯಾವುದಾದರೂ ಸರಿ, ಲೆನ್ಸ್ ಕೊಳವೆಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಒಂದು ಕಣ ಸಿಕ್ಕಿಕೊಂಡರೂ ಸಾಕು. ಮತ್ತೆ ಮತ್ತೆ ಆನ್ ಮಾಡಿದರೆ ಮೋಟರಿನ ಹಲ್ಲುಚಕ್ರ ಸವೆಯುತ್ತದೆ. ಬ್ಯಾಟರಿ ತೆಗೆಯಿರಿ. ಲೆನ್ಸ್ ಕೆಳಮುಖ ಮಾಡಿ ಕೊಳವೆಯ ಸುತ್ತಲೂ ಬ್ಲೋವರ್ ಹಿಡಿಯಿರಿ. ಮೆತ್ತನೆ ಬ್ರಷ್‌ನಿಂದ ಸಂದಿಯನ್ನು ಹೊರಮುಖವಾಗಿ ಗುಡಿಸಿ. ಆಮೇಲೆ ಒಮ್ಮೆ ಮಾತ್ರ ಆನ್ ಮಾಡಿ ನೋಡಿ. ಆಗಲೂ ಕರಕರ ಅಂದರೆ ಅಲ್ಲಿಗೆ ನಿಲ್ಲಿಸಿ, ರಿಪೇರಿಗೆ ಕೊಡಿ. ಕೈಯಿಂದ ಎಳೆಯುವುದು, ಮೇಜಿಗೆ ಬಡಿಯುವುದು ಬೇಡವೇ ಬೇಡ. ಒಂದು ಕಣದ ಕೆಲಸ ಇಡೀ ಲೆನ್ಸ್ ಬದಲಿಸುವ ಕೆಲಸವಾಗುತ್ತದೆ.

ಚಿತ್ರದ ಮೂಲೆಯಲ್ಲಿ ಕಪ್ಪು ನೆರಳು ಬಂದರೆ ಲೆನ್ಸ್ ಮುಚ್ಚುವ ಪುಟ್ಟ ರೆಪ್ಪೆಗಳನ್ನು ಎದುರಿನಿಂದ ನೋಡಿ. ಉಪ್ಪು ಅಂಟಿ ಒಂದು ರೆಪ್ಪೆ ಪೂರ್ತಿ ತೆರೆದಿರುವುದಿಲ್ಲ.

ಸೆಟ್ಟಿಂಗ್‌ನ ದೋಷಗಳು

ಗಾಜು ಶುಭ್ರ, ಆದರೂ ದೂರದ್ದೆಲ್ಲ ಮಸುಕು. ತೀರ ಹತ್ತಿರದ್ದನ್ನು ತೆಗೆಯುವ ಮ್ಯಾಕ್ರೋ ಆನ್ ಇದೆಯೇ ನೋಡಿ. ಜಿಆರ್ 3ರಲ್ಲಿ ಮ್ಯಾಕ್ರೋ ಆನ್ ಇದ್ದರೆ ಫೋಕಸ್ ಕೆಲಸ ಮಾಡುವುದು ಸುಮಾರು 6ರಿಂದ 12 ಸೆಂಟಿಮೀಟರ್ ನಡುವೆ ಮಾತ್ರ. ಜೇನು ಕೂತ ಹೂವು ತೆಗೆದು, ಬಟನ್ ಮರೆತು, ಯಾಣದ ಭೈರವೇಶ್ವರ ಶಿಖರ ತೆಗೆದರೆ ಶಿಖರ ಕರಗಿಹೋಗುತ್ತದೆ. ಸ್ನ್ಯಾಪ್ ಫೋಕಸ್ (ಮೊದಲೇ ಗೊತ್ತುಮಾಡಿದ ದೂರಕ್ಕೆ ಫೋಕಸ್) ಬಳಸುವವರು ದೂರವನ್ನು 1 ಮೀಟರ್‌ಗೆ ಇಟ್ಟು ಬಿಟ್ಟಿರುತ್ತಾರೆ, ಅಲ್ಲೂ ಇದೇ ಕಥೆ. ಕಿಂಡಿಯಲ್ಲಿ ಮಸುಕು, ಕಂಪ್ಯೂಟರ್‌ನಲ್ಲಿ ಚೊಕ್ಕ ಅಂತಾದರೆ ವ್ಯೂಫೈಂಡರ್ ಪಕ್ಕದ, ಕಿಂಡಿಯನ್ನು ನಿಮ್ಮ ಕಣ್ಣಿಗೆ ಹೊಂದಿಸುವ ಡಯಾಪ್ಟರ್ ಗುಂಡಿ ತಿರುಗಿರುತ್ತದೆ.

ಉಂಚಳ್ಳಿ ಜಲಪಾತದ ನೀರನ್ನು ನೂಲಿನ ಹಾಗೆ ತೆಗೆಯಲು ಅಪರ್ಚರ್ ಪೂರ್ತಿ ಮುಚ್ಚುವವರಿದ್ದಾರೆ. ಆರ್‌ಎಕ್ಸ್100ರಲ್ಲಿರುವ ಒಂದಿಂಚು ಸೆನ್ಸರ್ ಅನ್ನುವುದರ ನಿಜ ಅಳತೆ 13.2 x 8.8 ಮಿಲಿಮೀಟರ್. ಅಷ್ಟು ಸಣ್ಣ ಸೆನ್ಸರ್‌ನಲ್ಲಿ ಎಫ್/11ಕ್ಕೆ ಹೋದರೆ ಬೆಳಕು ಸಣ್ಣ ರಂಧ್ರದಂಚಿನಲ್ಲಿ ಬಾಗಿ ಇಡೀ ಚಿತ್ರ ಮೆದುವಾಗುತ್ತದೆ. ಎಫ್/4, ಎಫ್/5.6 ಒಳ್ಳೆಯದು. ನಿಧಾನ ಶಟರ್ ಬೇಕಿದ್ದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬಳಸಿ.

ಯಕ್ಷಗಾನದ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದರೆ ಶಟರ್ ನೋಡಿ. ನಮ್ಮ ಕರೆಂಟು 50 ಹರ್ಟ್ಜ್. ಎಷ್ಟೋ ರಂಗಸ್ಥಳದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಮಿನುಗು ಪಟ್ಟಿಯಾಗುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ವೇಗ 1/100 ಅಥವಾ 1/50 ಸೆಕೆಂಡ್ ಇಡಿ. ಕುಣಿತ ಇರುವಾಗ 1/100ರಲ್ಲಿ ಕೈಕಾಲು ಅಲುಗಿದ ಹಾಗೆ ಬರುತ್ತದೆ, ಹಾಗಾಗಿ ವೇಷಧಾರಿ ನಿಂತು ಅರ್ಥ ಹೇಳುವ ಗಳಿಗೆ ಕಾಯಿರಿ. ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಒಂದೊಂದು ಮಣಿಯೂ ಆಗ ಸಿಗುತ್ತದೆ.

ನೀರಿಗೆ ಬಿದ್ದರೆ, ರಿಪೇರಿಗೆ ಕೊಡುವಾಗ

ಆರ್‌ಎಕ್ಸ್100, ಜಿಆರ್ 3 ಯಾವುದಕ್ಕೂ ನೀರಿನ ರಕ್ಷಣೆ ಇಲ್ಲ. ಎಕ್ಸ್100ವಿಗೂ ಅಡಾಪ್ಟರ್ ಉಂಗುರ ಮತ್ತು ಫಿಲ್ಟರ್ ಹಾಕಿದರೆ ಮಾತ್ರ ಮಳೆಹನಿ ತಡೆಯುವ ಶಕ್ತಿ ಬರುತ್ತದೆ. ಅಲೆ ಬಡಿದರೆ ಆ ಕ್ಷಣವೇ ಬ್ಯಾಟರಿ, ಕಾರ್ಡ್ ತೆಗೆಯಿರಿ. ಹೊರಗಿನ ಉಪ್ಪುನೀರನ್ನು ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. "ಓಡ್ತದಾ ನೋಡುವ" ಅಂತ ಆನ್ ಮಾಡಬೇಡಿ. ಉಪ್ಪುನೀರಿನಲ್ಲಿ ವಿದ್ಯುತ್ ಹರಿದರೆ ಒಳಗಿನ ಬೋರ್ಡು ಬೇಗ ತುಕ್ಕು ಹಿಡಿಯುತ್ತದೆ. ಅದೇ ದಿನ ರಿಪೇರಿಗೆ ತಲುಪಿಸಲು ನೋಡಿ.

ಕೊಡುವಾಗ ಸುಮ್ನೆ "ಮಸುಕು ಬರ್ತಿದೆ" ಅನ್ನಬೇಡಿ. ಪರೀಕ್ಷೆಯ ಚಿತ್ರಗಳನ್ನು ಒಂದು ಕಾರ್ಡ್‌ನಲ್ಲಿ ಹಾಕಿ ಜೊತೆಗೆ ಕೊಡಿ: ಗಾಜು ಒರೆಸಿದ ಮೇಲಿನದು, ಎಫ್/2.8 ಮತ್ತು ಎಫ್/11ರ ಆಕಾಶ, ಹತ್ತಿರದ್ದು ಒಂದು, ದೂರದ್ದು ಒಂದು. ಟಾರ್ಚ್ ಬೆಳಕಿನಲ್ಲಿ ಲೆನ್ಸ್ ಕಂಡ ಹಾಗೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ಅದನ್ನೂ ತೋರಿಸಿ. ಯಾವ ಭಾಗ ಬಿಚ್ಚುತ್ತಾರೆ, ಯಾವುದನ್ನು ಬದಲಿಸುತ್ತಾರೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ವಾಪಸ್ ಬಂದ ದಿನವೇ ಅದೇ ಚಿತ್ರಗಳನ್ನು ಮತ್ತೆ ತೆಗೆದು, ಅಂಗಡಿಯ ಮುಂದೆಯೇ ಹೋಲಿಸಿ ನೋಡಿ.